ಹಳೆ ಕಂಪ್ಯೂಟರ್ ಸಾಮಾನು ಹವ್ಯಾಸಿಗಳಿಗೆ ಕೊಡುವುದು: ಬೆಂಗಳೂರಿನಲ್ಲಿರುವ ದಾರಿಗಳ ವಿಮರ್ಶೆ

ಆಯುಧಪೂಜೆ ಹತ್ತಿರ ಬಂದಾಗ ಬೆಂಗಳೂರಿನ ಮನೆ, ಆಫೀಸು, ಪ್ರಿಂಟಿಂಗ್ ಪ್ರೆಸ್ಸುಗಳ ಅಟ್ಟದಿಂದ ಹಳೆ ಕಂಪ್ಯೂಟರ್ ಸಾಮಾನು ಕೆಳಗಿಳಿಯುತ್ತದೆ. 486 (ಪೆಂಟಿಯಂಗೂ ಹಿಂದಿನ ಪ್ರೊಸೆಸರ್) ಮದರ್‌ಬೋರ್ಡು, ಐಎಸ್‌ಎ ಎಂಬ ಹಳೆ ಮಾದರಿ ಸ್ಲಾಟಿನ ಸೌಂಡ್ ಕಾರ್ಡು, 5.25 ಇಂಚಿನ ಫ್ಲಾಪಿ ಡ್ರೈವು, ಟಿವಿಎಸ್ ಗೋಲ್ಡ್ ಕೀಬೋರ್ಡು. ಬಹುಪಾಲು ಸೀದಾ ಗುಜರಿಗೆ. ಇದೇ ಊರಿನಲ್ಲಿ ಇದೇ ಸಾಮಾನಿಗೆ ಕಾದು ಕೂತವರೂ ಇದ್ದಾರೆ. ಡಾಸ್, ವಿಂಡೋಸ್ 98 ಕಾಲದ ಯಂತ್ರಗಳನ್ನು ಜೋಡಿಸಿ ಮತ್ತೆ ಓಡಿಸುವ ಹವ್ಯಾಸಿಗಳು. ಮಾರುವ ಗೋಜಿಗೆ ಹೋಗದೆ ಅಂಥವರಿಗೆ ಸುಮ್ಮನೆ ಕೊಡಬೇಕು ಎಂದುಕೊಂಡವರಿಗೆ ಯಾವ ದಾರಿ ಸರಿ, ಯಾವುದು ಎಲ್ಲಿ ಕೈಕೊಡುತ್ತದೆ ಎಂದು ನೋಡುವ ವಿಮರ್ಶೆ ಇದು.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಊರೊಳಗೆ ಕೈಯಿಂದ ಕೈಗೆ ಕೊಡುವುದಕ್ಕೆ ಸಾಟಿಯಿಲ್ಲ. ಕಾರ್ಡು, ರ‍್ಯಾಮು, ಪ್ರೊಸೆಸರ್‌ಗಳಿಗೆ ಅಂಚೆ ಸಾಕು. ಕ್ಯಾಬಿನೆಟ್ಟನ್ನೂ ಸಿಆರ್‌ಟಿ (ಹಳೆ ಗಾಜಿನ ಟ್ಯೂಬಿನ) ಮಾನಿಟರನ್ನೂ ಕೊರಿಯರ್‌ಗೆ ಹಾಕಬೇಡಿ. ಗುಜರಿಗಂತೂ ಕೊಡಲೇಬೇಡಿ. ಆದರೆ ಯಾವ ದಾರಿ ಹಿಡಿದರೂ, ಕೊಡುವ ಮುಂಚಿನ ಒಂದಿಷ್ಟು ಕೆಲಸ ತಪ್ಪಿಸಿದರೆ ಆ ಕಡೆಗೆ ತಲುಪುವುದು ಬರೀ ಕಸ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಎಲ್ಲಕ್ಕಿಂತ ಮೊದಲು ಬ್ಯಾಟರಿ. 286ರಿಂದ 486ವರೆಗಿನ ಎಷ್ಟೋ ಬೋರ್ಡುಗಳಲ್ಲಿ, ಕೀಬೋರ್ಡ್ ಸಾಕೆಟ್ಟಿನ ಹತ್ತಿರ, ಸಣ್ಣ ಪೀಪಾಯಿಯ ಹಾಗೆ ಕಾಣುವ 3.6 ವೋಲ್ಟಿನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯನ್ನು ಬೆಸುಗೆ ಹಾಕಿರುತ್ತಾರೆ. ಅದು ಸೋರುತ್ತದೆ. ಸೋರುವುದು ಆಸಿಡ್ ಅಲ್ಲ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ. ತಾಮ್ರದ ಗೆರೆಗಳನ್ನು ತಿನ್ನುತ್ತಾ, ಕೀಬೋರ್ಡ್ ಕಂಟ್ರೋಲರ್ ಚಿಪ್ಪಿನ ಸಾಕೆಟ್ ದಾಟಿ ಐಎಸ್‌ಎ ಸ್ಲಾಟಿನ ಕಾಲುಗಳವರೆಗೂ ಹರಡುತ್ತದೆ. ಬೋರ್ಡನ್ನು ಯಾರಿಗೆ ಕೊಡುವುದು ಎಂದು ಯೋಚಿಸುವುದಕ್ಕೂ ಮುಂಚೆ ನಿಪ್ಪರ್ ತೆಗೆದುಕೊಂಡು ಬ್ಯಾಟರಿಯನ್ನು ಕತ್ತರಿಸಿ ತೆಗೆಯಿರಿ. ಪ್ಲಸ್ ಯಾವ ಕಡೆ ಇತ್ತು ಎಂದು ಬೋರ್ಡಿನ ಪಕ್ಕ ಮಾರ್ಕರ್‌ನಲ್ಲಿ ಗುರುತು ಹಾಕಿಡಿ. ಆಮೇಲೆ ಕೈಗವಸು ಹಾಕಿಕೊಂಡು, ಬಿಳಿ ವಿನಿಗರ್‌ನಲ್ಲಿ ಅದ್ದಿದ ಇಯರ್ ಬಡ್ಡಿನಿಂದ ಹಸಿರು, ನೀಲಿ ಕಿಲುಬು ಕಟ್ಟಿದ ಜಾಗವನ್ನು ಒರೆಸಿ. ನೊರೆ ಬರುವುದು ನಿಂತ ಮೇಲೆ ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು, 99 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ, ಒಂದು ದಿನ ಪೂರ್ತಿ ಒಣಗಲು ಬಿಡಿ. ಅಡುಗೆ ಸೋಡಾ ಹಾಕಿ ಉಜ್ಜುವವರಿದ್ದಾರೆ. ಸೋಡಾ ಆಸಿಡ್‌ಗೆ ಮದ್ದು. ಕ್ಷಾರದ ಮೇಲೆ ಅದರಿಂದ ಏನೂ ಆಗುವುದಿಲ್ಲ. ಗೆರೆ ತುಂಡಾಗಿದ್ದರೆ ಸರಿ ಮಾಡಲು ಹೋಗದೆ, ಎಲ್ಲಿ ತುಂಡಾಗಿದೆ ಎಂದು ಬರೆದಿಟ್ಟರೆ ಸಾಕು. ತೆಗೆದುಕೊಳ್ಳುವವರು ಸಣ್ಣ ತಂತಿ ಎಳೆದು ಸರಿ ಮಾಡಿಕೊಳ್ಳುತ್ತಾರೆ, ಅದು ಅವರಿಗೆ ಇಷ್ಟದ ಕೆಲಸವೇ.

ಕೆಲವು ಬೋರ್ಡುಗಳಲ್ಲಿ ಪೀಪಾಯಿಯ ಬದಲು ಡಲ್ಲಾಸ್ ಡಿಎಸ್ 12887 ಎಂಬ ಕಪ್ಪು ಚೌಕ ಇರುತ್ತದೆ. ಬ್ಯಾಟರಿ ಅದರ ಹೊಟ್ಟೆಯೊಳಗೇ ಇದೆ. ಅದು ಸೋರುವುದಿಲ್ಲ, ಆದರೆ ಇಷ್ಟು ಹೊತ್ತಿಗೆ ಸತ್ತಿರುತ್ತದೆ. ಅದನ್ನು ಕೀಳಬೇಡಿ. 16 ಮತ್ತು 20ನೇ ಪಿನ್ನಿನ ಪಕ್ಕದ ಎಪಾಕ್ಸಿ ಕೆರೆದು ಹೊರಗಿನಿಂದ ಸಿಆರ್ 2032 ಸೆಲ್ ಜೋಡಿಸುವುದು ಹವ್ಯಾಸಿಗಳಿಗೆ ಗೊತ್ತಿದೆ.

ಆಮೇಲೆ ದೂಳು. ನಮ್ಮೂರಿನ ಯಂತ್ರಗಳಲ್ಲಿ ದೂಳಿನ ಜೊತೆ ಕುಂಕುಮ, ಅರಿಶಿನ, ವಿಭೂತಿಯೂ ಇರುತ್ತದೆ, ವರ್ಷವರ್ಷದ ಪೂಜೆಯದ್ದು. ಫ್ಲಾಪಿ ಡ್ರೈವಿನ ಬಾಯಿಯಿಂದ ಒಳಗೆ ಹೋದ ಕುಂಕುಮ ಹೆಡ್ಡಿನ ಮೇಲೆ ಕೂತರೆ ಹಾಕಿದ ಫ್ಲಾಪಿಯನ್ನೆಲ್ಲ ಗೀರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಣ್ಣ ಬಿಟ್ಟು ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ. ಒಣ ಪೇಂಟ್ ಬ್ರಷ್ಷಿನಲ್ಲಿ ಸಡಿಲ ಮಾಡಿ, ಬ್ಲೋವರ್ ಹಿಡಿಯಿರಿ. ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದುಕೊಂಡಿರಿ. ಮನೆಯ ವ್ಯಾಕ್ಯೂಮ್ ಕ್ಲೀನರ್‌ನ ಪ್ಲಾಸ್ಟಿಕ್ ಮೂತಿ ಸ್ಟ್ಯಾಟಿಕ್ ಹುಟ್ಟಿಸುತ್ತದೆ, ಬೋರ್ಡಿನ ಹತ್ತಿರ ತರಬೇಡಿ.

ಟೆಸ್ಟ್ ಮಾಡಲು ಬರುತ್ತದೆ ಎಂದಾದರೆ ಮಾಡಿ, ಬರದಿದ್ದರೆ ಬೇಡ. ಸುಮ್ಮನೆ ಕರೆಂಟ್ ಕೊಟ್ಟು ನೋಡೋಣ ಎನ್ನುವುದರಿಂದ ಸತ್ತ ಬೋರ್ಡುಗಳು ಬಹಳ. ಹಳೆ ಎಟಿ ಮಾದರಿಯ ಎಸ್‌ಎಂಪಿಎಸ್‌ನಿಂದ (ಕಂಪ್ಯೂಟರಿನ ಪವರ್ ಸಪ್ಲೈ ಡಬ್ಬ) ಬೋರ್ಡಿಗೆ ಪಿ8, ಪಿ9 ಎಂಬ ಎರಡು ಕನೆಕ್ಟರ್ ಹೋಗುತ್ತವೆ. ಎರಡರ ಕಪ್ಪು ತಂತಿಗಳು ನಡುವೆ ಅಕ್ಕಪಕ್ಕ ಬರಬೇಕು. ಅದಲುಬದಲಾಗಿ ಚುಚ್ಚಿದರೂ ಕೂತುಕೊಳ್ಳುತ್ತವೆ, ಆದರೆ ಬೋರ್ಡು ಸುಟ್ಟುಹೋಗುತ್ತದೆ. ಹಿಂದಿನ ಕೆಂಪು ಸ್ವಿಚ್ 115ರಲ್ಲಿ ಇದ್ದು ನಮ್ಮ 230 ವೋಲ್ಟಿಗೆ ಹಾಕಿದರೆ ಎಸ್‌ಎಂಪಿಎಸ್ಸೇ ಸಿಡಿಯುತ್ತದೆ. ವರ್ಷಗಟ್ಟಲೆ ಅಟ್ಟದಲ್ಲಿದ್ದ ಎಸ್‌ಎಂಪಿಎಸ್‌ಗೆ ಮೊದಲು ಒಂದು ಕೆಲಸಕ್ಕೆ ಬಾರದ ಹಾರ್ಡ್ ಡಿಸ್ಕನ್ನು ಲೋಡ್ ಆಗಿ ಕೊಟ್ಟು, ಮಲ್ಟಿಮೀಟರ್‌ನಲ್ಲಿ ಅಳೆಯಿರಿ: ಕೆಂಪು ತಂತಿಯಲ್ಲಿ 4.75ರಿಂದ 5.25, ಹಳದಿಯಲ್ಲಿ 11.4ರಿಂದ 12.6 ವೋಲ್ಟ್ ಬರಬೇಕು. ಬಂದರೆ ಮಾತ್ರ ಬೋರ್ಡಿಗೆ ಹಾಕಿ. ಡಿಸ್‌ಪ್ಲೇ ಬರದಿದ್ದರೆ ಯಂತ್ರ ಎಲ್ಲಿ ನಿಂತಿತೆಂದು ಎರಡಕ್ಷರದ ಕೋಡಿನಲ್ಲಿ ತೋರಿಸುವ ಡೀಬಗ್ ಕಾರ್ಡ್ ಚುಚ್ಚಿ ನೋಡಬಹುದು. 00 ಅಥವಾ ಎಫ್‌ಎಫ್‌ನಲ್ಲೇ ನಿಂತರೆ ಪ್ರೊಸೆಸರ್ ಓಡುತ್ತಿಲ್ಲ. ಅವಾರ್ಡ್ ಕಂಪನಿಯ ಬಯಾಸ್‌ನಲ್ಲಿ (ಯಂತ್ರ ಆನ್ ಆದಾಗ ಮೊದಲು ಓಡುವ ತಂತ್ರಾಂಶ) ಸಿ1ಕ್ಕೆ ನಿಂತರೆ ಹೆಚ್ಚಾಗಿ ರ‍್ಯಾಮಿನ ತಕರಾರು, ಇರೇಸರ್‌ನಲ್ಲಿ ಕಾಲುಗಳನ್ನು ಉಜ್ಜಿ ಇನ್ನೊಮ್ಮೆ ಕೂರಿಸಿ. 2000ದ ದಶಕದ ಮೊದಲರ್ಧದ ಸಾಕೆಟ್ 370, ಸಾಕೆಟ್ ಎ, ಸಾಕೆಟ್ 478 ಬೋರ್ಡುಗಳಲ್ಲಿ ಕೆಪಾಸಿಟರ್ ತಲೆ ಉಬ್ಬಿರುವುದು ಮಾಮೂಲು. ಅಂಥ ಬೋರ್ಡನ್ನು ಆನ್ ಮಾಡದೆ, ಉಬ್ಬಿವೆ ಎಂದು ಬರೆದು ಹಾಗೆಯೇ ಕೊಡಿ. ಲೋ ಇಎಸ್‌ಆರ್ (ಒಳಗಿನ ರೋಧ ಕಡಿಮೆಯಿರುವ) ಕೆಪಾಸಿಟರ್ ಹಾಕಿದರೆ ಎದ್ದು ಕೂರುವ ಬೋರ್ಡುಗಳು ಅವು.

ಹಾರ್ಡ್ ಡಿಸ್ಕ್ ಬಗ್ಗೆ ಎರಡು ಅತಿಗಳನ್ನು ನೋಡುತ್ತೇವೆ. ಮನೆಯವರ ಫೋಟೊ, ಪ್ಯಾನ್ ನಂಬರ್, ಗಿರಾಕಿಗಳ ಲೆಕ್ಕ ಎಲ್ಲ ಇರುವಂತೆಯೇ ಕೊಡುವವರು ಒಂದು ಕಡೆ. ಹೆದರಿ ಡ್ರಿಲ್ ಹಾಕುವವರು ಇನ್ನೊಂದು ಕಡೆ. ಹಳೆ ಐಡಿಇ (ಅಗಲ ರಿಬ್ಬನ್ ಕೇಬಲ್ಲಿನ) ಡಿಸ್ಕಿಗೆ ಒಂದು ಸಲ ಪೂರ್ತಿ ಸೊನ್ನೆ ಬರೆದರೆ ಸಾಕು. ಲಿನಕ್ಸ್ ಲೈವ್ ಪೆನ್‌ಡ್ರೈವ್, ಒಂದು ಯುಎಸ್‌ಬಿ-ಐಡಿಇ ಅಡಾಪ್ಟರ್ ಮತ್ತು ಲಿನಕ್ಸಿನ ಡಿಡಿ (dd) ಕಮಾಂಡ್ ಇದ್ದರಾಯಿತು. 40 ಜಿಬಿ ಡಿಸ್ಕಿಗೆ ಅರ್ಧ ಗಂಟೆ ಆಸುಪಾಸು ಹಿಡಿಯುತ್ತದೆ. ಎಂಟರ್ ಒತ್ತುವ ಮುಂಚೆ ಡಿಸ್ಕಿನ ಹೆಸರನ್ನೂ ಗಾತ್ರವನ್ನೂ ಎರಡೆರಡು ಸಲ ನೋಡಿ, ತಪ್ಪು ಡಿಸ್ಕು ಕೊಟ್ಟರೆ ನಿಮ್ಮ ಇವತ್ತಿನ ಕಂಪ್ಯೂಟರೇ ಖಾಲಿಯಾಗುತ್ತದೆ. ತಿರುಗದ ಡಿಸ್ಕನ್ನು ಅಳಿಸಲಾಗುವುದಿಲ್ಲ. ಗುಟ್ಟಿನ ಮಾಹಿತಿ ಇದ್ದರೆ ಅದನ್ನು ಕೊಡಬೇಡಿ. ಇನ್ನು, ಡಿಸ್ಕು ಚಿಕ್ಕದಾದಷ್ಟೂ ಬೇಡಿಕೆ ಹೆಚ್ಚು. ಹಳೆ ಬಯಾಸ್‌ಗಳಿಗೆ 504 ಎಂಬಿಯ ಆಚೆ ಕಾಣುವುದೇ ಇಲ್ಲ, ಹಾಗಾಗಿ 386, 486 ಓಡಿಸುವವರಿಗೆ 40 ಜಿಬಿಗಿಂತ 420 ಎಂಬಿ ಡಿಸ್ಕೇ ಪ್ರೀತಿ. ಸೀಗೇಟ್ ಎಸ್‌ಟಿ-225ರಂಥ ಎಂಎಫ್‌ಎಂ (ಐಡಿಇಗೂ ಹಿಂದಿನ ಮಾದರಿ) ಡಿಸ್ಕು ಇನ್ನೂ ಓಡುತ್ತಿದ್ದರೆ, ಸಾಗಿಸುವ ಮುಂಚೆ ಪಾರ್ಕ್ ಕಮಾಂಡ್ ಓಡಿಸಿ. ಅವು ಕರೆಂಟ್ ಹೋದಾಗ ತಾವಾಗಿ ಹೆಡ್ ಪಕ್ಕಕ್ಕೆ ಇಡುವುದಿಲ್ಲ.

ಯಾವುದು ಬೆಲೆಯುಳ್ಳದ್ದು ಎಂದು ಗೊತ್ತಿಲ್ಲದೆ ಹೋಗುವ ಸಾಮಾನಿನ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ಕನ್ನಡದ ಮಟ್ಟಿಗೆ ಇದು ದೊಡ್ಡ ನಷ್ಟ. ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ಕಾರ್ಡು, ಅಂದರೆ ಡಾಸ್ ಪರದೆಯ ಮೇಲೆ ಕನ್ನಡವೂ ಸೇರಿದಂತೆ ಭಾರತೀಯ ಲಿಪಿಗಳನ್ನು ಮೂಡಿಸಲು ಕಂಪ್ಯೂಟರಿನೊಳಗೆ ಹಾಕುತ್ತಿದ್ದ ಕಾರ್ಡು, ನೋಡುವುದಕ್ಕೆ ಯಾವುದೋ ಹಳೆ ಕಾರ್ಡಿನ ಹಾಗೇ ಇರುತ್ತದೆ. ಪ್ರೆಸ್ಸುಗಳ ಕನ್ನಡ ಡಿಟಿಪಿ ತಂತ್ರಾಂಶದ ಜೊತೆ ಬರುತ್ತಿದ್ದ ಪ್ಯಾರಲಲ್ ಪೋರ್ಟ್ ಡಾಂಗಲ್ ಬೆರಳುದ್ದದ ಪ್ಲಾಸ್ಟಿಕ್ ತುಂಡು. ಅದಿಲ್ಲದೆ ಆ ತಂತ್ರಾಂಶ ತೆರೆಯುವುದಿಲ್ಲ, ಅದರ ಫ್ಲಾಪಿಗಳಿದ್ದೂ ದಂಡ. ಕೀಲಿಗಳ ಮೇಲೆ ಕನ್ನಡ ಅಕ್ಷರ ಅಚ್ಚಾದ ಕೀಬೋರ್ಡು, ಬೆಂಗಳೂರಿನಲ್ಲೇ ರೂಪುಗೊಂಡ, ಕೈಯಲ್ಲಿ ಹಿಡಿಯುವ ಕಂಪ್ಯೂಟರ್ ಸಿಂಪ್ಯೂಟರ್, ಬೋರ್ಡಿನ ಜಂಪರ್ (ಸೆಟ್ಟಿಂಗ್ ಬದಲಿಸುವ ಪುಟ್ಟ ಕ್ಯಾಪ್) ಪಟ್ಟಿಯಿರುವ ಒಂದು ಹಾಳೆಯ ಮ್ಯಾನ್ಯುಯಲ್, ಇವೆಲ್ಲ ಡಬ್ಬದ ತಳದಲ್ಲಿ ಇರುತ್ತವೆ. ತಳದವರೆಗೂ ಕೈ ಹಾಕಿ ನೋಡಿ. ಸೌಂಡ್ ಕಾರ್ಡಿನ ಮೇಲೆ ಯಮಹಾ ವೈಎಂಎಫ್ 262 ಎಂಬ ಚಿಪ್ ಕಂಡರೆ ಅದನ್ನು ಬರೆದು ಹೇಳಿ, ಡಾಸ್ ಆಟಗಳ ಸಂಗೀತಕ್ಕೆ ಜನ ಹುಡುಕುವುದೇ ಅದನ್ನು.

ಚೀಟಿ ಬರೆಯುವುದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಡಿಸ್‌ಪ್ಲೇ ಕಾರ್ಡೊಂದರ ಒಳ್ಳೆ ಚೀಟಿ ಹೀಗಿರುತ್ತದೆ: “ಎಸ್3 ಟ್ರಯೊ64, ಪಿಸಿಐ, 1 ಎಂಬಿ. ಪೆಂಟಿಯಂ ಬೋರ್ಡಿನಲ್ಲಿ ಡಾಸ್ ಬೂಟ್ ಆಯಿತು, 640×480ರಲ್ಲಿ ಗೆರೆ ಬರಲಿಲ್ಲ. ಅದಕ್ಕಿಂತ ಮೇಲಿನ ಮೋಡ್ ನೋಡಿಲ್ಲ.” ಬರೀ “ವರ್ಕಿಂಗ್” ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ಕಾಗದದ ಮಾಸ್ಕಿಂಗ್ ಟೇಪ್ ಬಳಸಿ, ಚಿನ್ನದ ಬಣ್ಣದ ಕಾಲುಗಳ ಮೇಲೆ ಅಂಟಿಸಬೇಡಿ. ಬಯಾಸ್ ಚಿಪ್ಪಿನ ಮೇಲಿನ ಹಳೆ ಸ್ಟಿಕ್ಕರನ್ನು ಕೊಳಕಾಗಿದೆ ಎಂದು ಕೀಳಲೂಬೇಡಿ. ಅದರ ಕೆಳಗೆ ಗಾಜಿನ ಕಿಟಕಿ ಇರುವ ಇಪ್ರಾಮ್ ಇರಬಹುದು. ಬಿಸಿಲಿನಲ್ಲಿ ಬಿಟ್ಟರೆ ಒಳಗೆ ಬರೆದದ್ದೆಲ್ಲ ನಿಧಾನಕ್ಕೆ ಅಳಿಸುತ್ತದೆ.

ಇನ್ನು ದಾರಿಗಳು.

ಕೈಯಿಂದ ಕೈಗೆ ಕೊಡುವುದರಲ್ಲಿ ಇರುವ ದೊಡ್ಡ ಲಾಭ, ತೆಗೆದುಕೊಳ್ಳುವವರನ್ನು ನೋಡಿ ಮಾತಾಡಿಸಬಹುದು. ಪುಕ್ಕಟೆ ಎಂದರೆ ಮೊದಲು ಓಡಿ ಬರುವವರು ಹವ್ಯಾಸಿಗಳೇ ಆಗಿರಬೇಕೆಂದಿಲ್ಲ; ತಂದು ವಾರದೊಳಗೆ ಮಾರಾಟಕ್ಕೆ ಇಡುವವರೂ ಇದ್ದಾರೆ. ಮೊದಲು ಕೇಳಿದವರಿಗೆ ಎನ್ನುವ ಪದ್ಧತಿ ಅದಕ್ಕೇ ನನಗೆ ಒಪ್ಪಿಗೆಯಿಲ್ಲ. ಒಂದೇ ಪ್ರಶ್ನೆ ಸಾಕು: “ಇದನ್ನ ಯಾವ ಬೋರ್ಡಿಗೆ ಹಾಕ್ತೀರಿ?” ನಿಜವಾಗಿ ಬೇಕಾದವರು ತಡವರಿಸುವುದಿಲ್ಲ. “ಸರ್, ನನ್ನ ಹತ್ರ ಸಾಕೆಟ್ 7 ಬೋರ್ಡಿದೆ, 72 ಪಿನ್ ಸಿಮ್ ಒಂದೇ ಇದೆ, ಜೋಡಿ ಬೇಕು” ಎಂದು ಹೇಳಿದವರಿಗೆ ಕಣ್ಣು ಮುಚ್ಚಿ ಕೊಡಿ. ಸಾಕೆಟ್ 7 ಎಂದರೆ ಪೆಂಟಿಯಂ ಕೂರುವ ಬೋರ್ಡು, ಸಿಮ್ ಎಂದರೆ ಹಳೆ ಮಾದರಿಯ ರ‍್ಯಾಮ್ ಪಟ್ಟಿ. ಪೆಂಟಿಯಂಗೆ 72 ಪಿನ್ನಿನದು ಎರಡೆರಡು ಬೇಕು, 30 ಪಿನ್ನಿನದಾದರೆ 486ಕ್ಕೆ ನಾಲ್ಕು ಒಟ್ಟಿಗೆ ಬೇಕು. ಜೊತೆಯನ್ನು ಒಡೆದು ಇಬ್ಬರಿಗೆ ಹಂಚಿದರೆ ಇಬ್ಬರಿಗೂ ಪ್ರಯೋಜನವಿಲ್ಲ. ಬ್ರಾಂಡೆಡ್ ಯಂತ್ರವನ್ನೂ ಬಿಡಿಸಬೇಡಿ. ಅದರ ರೈಸರ್ ಕಾರ್ಡು, ಡ್ರೈವ್ ರೈಲು, ಎಸ್‌ಎಂಪಿಎಸ್ ಬೇರೆ ಯಾವುದಕ್ಕೂ ಕೂರುವುದಿಲ್ಲ.

ಭೇಟಿಗೆ ಭಾನುವಾರ ಬೆಳಿಗ್ಗೆ, ಮೆಟ್ರೊ ಸ್ಟೇಷನ್ನಿನ ಹೊರಗೆ ಅನುಕೂಲ. ಮೆಟ್ರೊ ಬ್ಯಾಗ್ ಸ್ಕ್ಯಾನರ್‌ನ ಎಕ್ಸ್‌ರೇಯಿಂದ ಫ್ಲಾಪಿಗೂ ಹಾರ್ಡ್ ಡಿಸ್ಕಿಗೂ ಏನೂ ಆಗುವುದಿಲ್ಲ, ಹೆದರಬೇಕಿಲ್ಲ. ಮಳೆಗಾಲದಲ್ಲಿ ಆಂಟಿಸ್ಟ್ಯಾಟಿಕ್ ಕವರಿನ ಮೇಲೆ ಜಿಪ್ ಕವರ್, ಅದರೊಳಗೆ ಸಿಲಿಕಾ ಜೆಲ್ ಪೊಟ್ಟಣ. ಸಿಆರ್‌ಟಿ ಮಾನಿಟರ್‌ಗೆ ಇದೊಂದೇ ದಾರಿ. 17 ಇಂಚಿನದು 15 ಕೆಜಿ ಮೇಲಿರುತ್ತದೆ, ಭಾರವೆಲ್ಲ ಮುಂದಿನ ಗಾಜಿನಲ್ಲಿ. ಪರದೆಯನ್ನು ಎದೆಗೆ ಆನಿಸಿ ಎತ್ತಿ, ಕಾರಿನ ಹಿಂದಿನ ಸೀಟಿನಲ್ಲಿ ಪರದೆ ಸೀಟಿನ ಬೆನ್ನಿಗೆ ತಾಗುವಂತೆ ಇಟ್ಟು ಬೆಲ್ಟ್ ಹಾಕಿ. ಹಿಂಬದಿಯ ಸಣ್ಣ ಗಾಜಿನ ಕುತ್ತಿಗೆಗೆ ಏಟು ಬಿದ್ದರೆ ಒಳಗೆ ಗಾಳಿ ಹೋಗಿ ಟ್ಯೂಬ್ ಮುಗಿಯಿತು.

ಬೈಕಿನಲ್ಲಿ ಪಾರ್ಸೆಲ್ ಒಯ್ಯುವ ಆ್ಯಪ್‌ಗಳು ಕಾರ್ಡು, ರ‍್ಯಾಮ್‌ಗೆ ಪರವಾಗಿಲ್ಲ. ನಮ್ಮ ಹಂಪು, ಗುಂಡಿಗಳ ಮೇಲೆ ಹಾರ್ಡ್ ಡಿಸ್ಕು ಕಳಿಸಲು ನನಗೆ ಮನಸ್ಸಿಲ್ಲ.

ಬೇರೆ ಊರಿಗೆ ಕಳಿಸಲು ಸ್ಪೀಡ್ ಪೋಸ್ಟ್ ಚೆನ್ನಾಗಿದೆ. 35 ಕೆಜಿವರೆಗೆ ತೆಗೆದುಕೊಳ್ಳುತ್ತಾರೆ, ಟ್ರ್ಯಾಕಿಂಗ್ ಇದೆ, ಸಣ್ಣ ತಾಲೂಕಿನ ಹಳ್ಳಿಗೂ ತಲುಪುತ್ತದೆ. ಖಾಸಗಿ ಕೊರಿಯರ್‌ಗಳಲ್ಲಿ ಗಾತ್ರದ ಲೆಕ್ಕವೇ ಜೇಬು ಸುಡುವುದು. ಹೆಚ್ಚಿನವರು ಡಬ್ಬದ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ, ಬಂದದ್ದನ್ನೇ ತೂಕ ಎಂದು ಹಿಡಿಯುತ್ತಾರೆ. ಕ್ಯಾಬಿನೆಟ್ಟಿಗೆ ಪ್ಯಾಕಿಂಗ್ ಸೇರಿ 55×30×55 ಡಬ್ಬ ಬೇಕು ಎಂದುಕೊಳ್ಳಿ: 18 ಕೆಜಿಗೆ ದುಡ್ಡು ಕೊಡಬೇಕು, ನಿಜವಾದ ತೂಕ ಅದರ ಅರ್ಧ ಇದ್ದರೂ. ಮೇಲಾಗಿ ತಗಡು ಸೊಟ್ಟಗಾಗಿ, ಮುಂದಿನ ಪ್ಲಾಸ್ಟಿಕ್ ಒಡೆದೇ ತಲುಪುತ್ತದೆ. ಸಾಗಣೆ ಖರ್ಚು ತೆಗೆದುಕೊಳ್ಳುವವರದ್ದು ಎಂದು ಮೊದಲೇ ಮಾತಾಡಿಕೊಳ್ಳುವುದು ಇಬ್ಬರಿಗೂ ಒಳ್ಳೆಯದು.

ಪ್ಯಾಕಿಂಗ್‌ನಲ್ಲಿ ಆಗುವ ತಪ್ಪುಗಳು ಯಾವಾಗಲೂ ಅವೇ. ಬಬಲ್ ರ‍್ಯಾಪನ್ನು ನೇರವಾಗಿ ಬೋರ್ಡಿಗೆ ಸುತ್ತುವುದು, ಪ್ರೊಸೆಸರ್ ಪಿನ್ನುಗಳನ್ನು ಥರ್ಮಾಕೋಲಿಗೆ ಚುಚ್ಚುವುದು; ಎರಡೂ ಸ್ಟ್ಯಾಟಿಕ್ ಕಾರ್ಖಾನೆಗಳು. ಮೊದಲು ಬೆಳ್ಳಿ ಬಣ್ಣದ ಆಂಟಿಸ್ಟ್ಯಾಟಿಕ್ ಕವರ್, ಅದರ ಮೇಲೆ ಎರಡು ಸುತ್ತು ಬಬಲ್, ಆಮೇಲೆ ಗಟ್ಟಿ ರಟ್ಟಿನ ಡಬ್ಬ, ಸುತ್ತಲೂ 5 ಸೆಂಟಿಮೀಟರ್ ಕಾಗದದ ಉಂಡೆ. ಡಬ್ಬ ಅಲ್ಲಾಡಿಸಿದರೆ ಒಳಗೆ ಸದ್ದು ಬರಬಾರದು. ಪಿನ್ನಿರುವ ಪ್ರೊಸೆಸರ್‌ಗೆ ಕಪ್ಪು ಕಂಡಕ್ಟಿವ್ ಫೋಮ್ ಸಿಗುತ್ತದೆ. ಸಾಕೆಟ್ 478, ಸಾಕೆಟ್ ಎ ಬೋರ್ಡುಗಳ ಭಾರದ ಕೂಲರ್ ಬಿಚ್ಚಿ ಬೇರೆ ಸುತ್ತಿ, ಇಲ್ಲವಾದರೆ ದಾರಿಯಲ್ಲಿ ಬೋರ್ಡು ಬಿರುಕು ಬಿಡುತ್ತದೆ. ಬಿಚ್ಚುವ ಮುಂಚೆ, ಓಡುವ ಯಂತ್ರವಾದರೆ, ಹತ್ತು ನಿಮಿಷ ಓಡಿಸಿ ಆಫ್ ಮಾಡಿ. ಪೇಸ್ಟ್ ಮೆತ್ತಗಾದ ಮೇಲೆ ಕೂಲರನ್ನು ತುಸು ತಿರುಚಿ ಎತ್ತಿ. ತಣ್ಣಗಿದ್ದಾಗ ಎಳೆದರೆ ಪ್ರೊಸೆಸರ್ ಸಾಕೆಟ್ಟಿನಿಂದ ಕಿತ್ತುಕೊಂಡೇ ಬಂದು ಪಿನ್ ಬಾಗುತ್ತವೆ. ಬಾಗಿದ್ದರೆ ಸೀಸ ತೆಗೆದ 0.5 ಎಂಎಂ ಪೆನ್ಸಿಲಿನ ತುದಿಯನ್ನು ಪಿನ್ನಿಗೆ ತೊಡಿಸಿ ನಿಧಾನವಾಗಿ ನೆಟ್ಟಗೆ ಮಾಡಬಹುದು. 5.25 ಇಂಚಿನ ಡ್ರೈವಿನ ಬಾಯಿಗೆ ಫ್ಲಾಪಿ ಅಳತೆಯ ರಟ್ಟು ಹಾಕಿ ಲಿವರ್ ಮುಚ್ಚಿ, ಹೆಡ್ ಒಂದಕ್ಕೊಂದು ಬಡಿಯುವುದಿಲ್ಲ. ಫ್ಲಾಪಿಗಳನ್ನು ಕಳಿಸುವ ಮುಂಚೆ ಬೆಳಕಿಗೆ ಹಿಡಿದು ನೋಡಿ. ಬಿಳಿ ಬೂಷ್ಟು ಕಂಡವನ್ನು ಬೇರೆ ಕವರಿನಲ್ಲಿ ಹಾಕಿ, ಬೂಷ್ಟು ಇದೆ ಎಂದು ಬರೆಯಿರಿ. ಹಾಗೇ ಡ್ರೈವಿಗೆ ಹಾಕಿದರೆ ಹೆಡ್ ಕೊಳೆಯಾಗಿ ಮುಂದಿನ ಒಳ್ಳೆ ಫ್ಲಾಪಿಯೂ ಹಾಳು.

ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿಯಾದ ಎಸ್.ಪಿ. ರೋಡನ್ನು ಕೊಡುವ ಜಾಗ ಎಂದು ನೋಡಬೇಡಿ, ಬೇಕಾದ್ದನ್ನು ಕೊಳ್ಳುವ ಜಾಗ ಎಂದು ನೋಡಿ. ಆಂಟಿಸ್ಟ್ಯಾಟಿಕ್ ಕವರ್, ಐಸೋಪ್ರೊಪೈಲ್, ಡೀಬಗ್ ಕಾರ್ಡ್, ಕೆಪಾಸಿಟರ್ ಎಲ್ಲ ಒಂದೇ ಓಡಾಟದಲ್ಲಿ ಮುಗಿಯುತ್ತದೆ. ಚಿಕ್ಕಪೇಟೆ ಅಥವಾ ಕೆ.ಆರ್. ಮಾರ್ಕೆಟ್ ಮೆಟ್ರೊದಿಂದ ನಡೆದೇ ಹೋಗಬಹುದು. ಭಾನುವಾರ ಬಹುಪಾಲು ಅಂಗಡಿ ಬಾಗಿಲು. ರಿಪೇರಿ ಅಂಗಡಿಯವರು ಈಚಿನ ಡಿಡಿಆರ್3 ರ‍್ಯಾಮಿನ ಬೋರ್ಡಾದರೆ ಖುಷಿಯಿಂದ ತೆಗೆದುಕೊಂಡಾರು, ಅದಕ್ಕೆ ಇನ್ನೂ ಗಿರಾಕಿ ಇದ್ದಾರೆ. ಐಎಸ್‌ಎ ಕಾರ್ಡು ಕೊಟ್ಟರೆ ಅದು ಮೂಲೆಯ ಗೋಣಿಚೀಲ ಸೇರುತ್ತದೆ. ಅವರ ತಪ್ಪಲ್ಲ, ಅವರ ವ್ಯಾಪಾರ ಅದಲ್ಲ. ಭಾನುವಾರದ ಸಂಡೇ ಬಜಾರಿನಲ್ಲೂ ಹಳೆ ಬೋರ್ಡು ಕಾಣುತ್ತವೆ, ಆದರೆ ಬಿಸಿಲಿಗೆ, ಒಂದರ ಮೇಲೊಂದು ರಾಶಿಯಾಗಿ.

ಗುಜರಿಯಲ್ಲಿ ಬೋರ್ಡಿಗೆ ಬೆಲೆ ಕೆಜಿ ಲೆಕ್ಕ. ಪೆಂಟಿಯಂ ಪ್ರೊ, 486ರ ಸೆರಾಮಿಕ್ ಪ್ರೊಸೆಸರ್‌ಗಳನ್ನು, ಕಾರ್ಡುಗಳ ಕಾಲುಗಳನ್ನು ಚಿನ್ನಕ್ಕಾಗಿ ಕೀಳುತ್ತಾರೆ. ಲೈಸೆನ್ಸ್ ಇಲ್ಲದ ಜಾಗಗಳಲ್ಲಿ ಇದು ಆಸಿಡ್‌ನಲ್ಲಿ ನಡೆಯುವ ಕೆಲಸ. ಉಳಿದ ದ್ರಾವಣ ಚರಂಡಿಗೆ, ಬೆಸುಗೆಯ ಸೀಸದ ಹೊಗೆ ಕೆಲಸ ಮಾಡುವವರ ಎದೆಗೆ. ನಾಲ್ಕು ಕಾಸಿಗಾಗಿ ಇದಕ್ಕೆ ಕೊಡುವುದು ನನ್ನ ಪ್ರಕಾರ ತಪ್ಪು.

ಯಾರಿಗೂ ಬೇಡವಾದದ್ದು ಕೊನೆಗೆ ಉಳಿಯುತ್ತದೆ: ಸುಟ್ಟ ಎಸ್‌ಎಂಪಿಎಸ್, ಕತ್ತು ಮುರಿದ ಸಿಆರ್‌ಟಿ, ತಿರುಗದ ಡಿಸ್ಕು. ಅದು ಅಧಿಕೃತ ಇ-ತ್ಯಾಜ್ಯ ಘಟಕಕ್ಕೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ನೋಂದಾಯಿತ ರೀಸೈಕ್ಲರ್‌ಗಳೇ ಇದನ್ನು ಬಿಡಿಸಬೇಕು. ದಾಬಸ್‌ಪೇಟೆಯ ಇ-ಪರಿಸರ ಸಂಸ್ಥೆ 2005ರಿಂದ ಈ ಕೆಲಸದಲ್ಲಿದೆ. ಕೊಡುವ ಮುಂಚೆ ಸತ್ತ ಯಂತ್ರದಿಂದ ಜಂಪರ್, ಸ್ಕ್ರೂ, ಸ್ಲಾಟಿನ ತಗಡು, ರಿಬ್ಬನ್ ಕೇಬಲ್, ಐ/ಒ ಶೀಲ್ಡ್ (ಹಿಂದಿನ ಪೋರ್ಟುಗಳ ಸುತ್ತಲಿನ ತಗಡು) ಬಿಚ್ಚಿ ಒಂದು ಕವರಿಗೆ ಹಾಕಿಟ್ಟುಕೊಳ್ಳಿ, ಮುಂದಿನ ಸಲ ಬೋರ್ಡು ತೆಗೆದುಕೊಳ್ಳಲು ಬಂದವರು ಇದನ್ನೂ ಕೇಳುತ್ತಾರೆ. ಕತ್ತರಿಸಿ ತೆಗೆದ ಬ್ಯಾಟರಿಗಳ ಎರಡೂ ತುದಿಗೆ ಟೇಪ್ ಸುತ್ತಿ, ಬೇರೆ ಡಬ್ಬಿಯಲ್ಲಿ, ಬ್ಯಾಟರಿ ಎಂದು ಬರೆದು ಕೊಡಿ.